ಬೀಗರು ಬರುವ ಮುನ್ನ

ಮಂಗಳಾ ಸಿಸ್ಟರ್ ಸೂಜಿ ಹಿಡಿದರೆ ಎರಡನೆಯ ಚುಚ್ಚು ಇಲ್ಲ ಎನ್ನುವುದು ಆ ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ಗಾದೆಯೇ ಆಗಿಬಿಟ್ಟಿತ್ತು. ಸರ್ವಮಂಗಳ ಎಂಬ ಪೂರ್ತಿ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಮೈಸೂರಿನ ಹೊರವರ್ತುಲ ರಸ್ತೆಯ ಪಕ್ಕದ ಆ ಆಸ್ಪತ್ರೆಯ ಡ್ರಿಪ್ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಅವರು ಎಲ್ಲರಿಗೂ ಮಂಗಳಾ ಸಿಸ್ಟರ್. ನರ ಸಿಗದ ಮುದುಕರು, ಔಷಧಿ ಏರಿಸಿಕೊಂಡು ಏರಿಸಿಕೊಂಡು ಕೈಯೆಲ್ಲ ಗಟ್ಟಿಯಾದವರು, ಎಲ್ಲರೂ ಅವರ ಪಾಳಿ ಯಾವಾಗ ಎಂದು ಕೇಳಿಕೊಂಡೇ ಬರುತ್ತಿದ್ದರು. ಒಂದು ಸಲ ಚುಚ್ಚಬೇಕು, ಅದೇ ದಾರಿಯಲ್ಲಿ ಔಷಧಿ ಹೋಗಬೇಕು, ಅದೇ ದಾರಿಯಲ್ಲಿ ಪರೀಕ್ಷೆಯ ರಕ್ತವೂ ಬರಬೇಕು. ಇದು ಅವರ ಪದ್ಧತಿ. ಪದ್ಧತಿ ಎಂದರೆ ಕಡಿಮೆಯಾಯಿತು, ಅದು ಅವರ ಅಭಿಮಾನ.

ಹನ್ನೊಂದು ವರ್ಷದಿಂದ ನಾಲ್ಕು ವಾರಕ್ಕೊಮ್ಮೆ, ಗುರುವಾರ, ತಪ್ಪದೆ ಬರುತ್ತಿದ್ದವಳು ದಾಕ್ಷಾಯಿಣಿ. ಸಿಟಿ ಬಸ್ಸಿನ ಕಂಡಕ್ಟರ್. ಮೂವತ್ತೈದು ವರ್ಷ, ಗಟ್ಟಿ ಗಂಟಲು, ಆಸ್ಪತ್ರೆಯ ಲಿಫ್ಟಿನಲ್ಲೂ "ಒಳಗ್ ಹೋಗಿ, ಒಳಗ್ ಹೋಗಿ" ಎಂದು ಜನರನ್ನು ಸರಿಸುವ ಸ್ವಭಾವ. ಇವಳಿಗೆ ಕಾಯಿಲೆ ಎಂದರೆ ಯಾರೂ ನಂಬುತ್ತಿರಲಿಲ್ಲ. ನಮ್ಮ ನಿಮ್ಮ ಮೈ, ಒಮ್ಮೆ ಬಂದ ರೋಗಾಣುವಿನ ಮುಖ ನೆನಪಿಟ್ಟುಕೊಂಡು, ಮುಂದಿನ ಸಲ ಅದನ್ನು ಹಿಡಿಯಲು ಪ್ರತಿಕಾಯಗಳೆಂಬ ಕಾವಲುಗಾರರನ್ನು ತಯಾರು ಮಾಡಿಕೊಳ್ಳುತ್ತದಲ್ಲ, ದಾಕ್ಷಾಯಿಣಿಯ ಮೈಗೆ ಆ ವಿದ್ಯೆ ಬರುತ್ತಿರಲಿಲ್ಲ. ಯಾವ ಲಸಿಕೆ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇಪ್ಪತ್ನಾಲ್ಕನೆಯ ವಯಸ್ಸಿನವರೆಗೆ ವರ್ಷಕ್ಕೆ ಮೂರು ಸಲ ನ್ಯುಮೋನಿಯಾ ಹಿಡಿದು ಹೈರಾಣಾಗಿದ್ದಳು.

ಆಮೇಲೆ ಕಾರಣ ಗೊತ್ತಾಯಿತು, ಉಪಾಯವೂ ಸಿಕ್ಕಿತು. ಸಾವಿರಾರು ಜನ ಕೊಟ್ಟ ರಕ್ತದಿಂದ ಕಾವಲುಗಾರರನ್ನು ಮಾತ್ರ ಸೋಸಿ ತೆಗೆದು ಬಾಟಲಿಯಲ್ಲಿ ತುಂಬಿಸಿರುತ್ತಾರೆ. ಅದನ್ನು ನಿಧಾನವಾಗಿ ನರಕ್ಕೆ ಹನಿಸಿದರೆ ನಾಲ್ಕು ವಾರ ಆ ಎರವಲು ಕಾವಲು ಸಾಕು. ಬಾಟಲಿ ತೂಗುಹಾಕಿದ ಕೂಡಲೇ ದಾಕ್ಷಾಯಿಣಿಯದು ಪ್ರತಿ ಸಲವೂ ಒಂದೇ ಮಾತು.

"ಬೀಗರು ಬಂದ್ರು ಸಿಸ್ಟರ್. ಮಣೆ ಹಾಕಿ."

"ಎಷ್ಟ್ ದಿನ ಇರ್ತಾರಂತೆ?"

"ನಾಲ್ಕ್ ವಾರ. ಪಾಪ, ಒಂದ್ ಲೋಟ ಕಾಫೀನೂ ಕೇಳಲ್ಲ."

ಮಂಗಳಾ ಸಿಸ್ಟರಿಗೆ ಮಕ್ಕಳಿರಲಿಲ್ಲ. ಈ ಹುಡುಗಿಯ ಗುರುವಾರಗಳನ್ನು ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುತ್ತಿದ್ದರು ಎಂದು ಹೇಳಿದರೆ ಸಾಕು, ಉಳಿದದ್ದು ನಿಮಗೆ ಅರ್ಥವಾಗುತ್ತದೆ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ದಾಕ್ಷಾಯಿಣಿಯ ಕಣ್ಣು ಹಳದಿಯಾಗತೊಡಗಿತು. ಮೂರನೆಯ ಟ್ರಿಪ್ಪಿಗೇ ಬಸ್ಸಿನ ಕಂಬಿ ಹಿಡಿದು ಕೂರುವಷ್ಟು ಸುಸ್ತು. ರಕ್ತ ಪರೀಕ್ಷೆಯಲ್ಲಿ ಯಕೃತ್ತು ಸಾಯುತ್ತಿರುವ ಲೆಕ್ಕ ಬಂತು.

ಡಾಕ್ಟರ್ ಶ್ರೀವತ್ಸ ಮಿತಭಾಷಿ, ಆದರೆ ರೋಗಿಗೆ ಅರ್ಥವಾಗುವ ತನಕ ಎಬ್ಬಿಸಿ ಕಳಿಸುವವರಲ್ಲ. ಮಂಗಳಾ ಸಿಸ್ಟರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು.

"ಎರಡು ಸಾಧ್ಯತೆ ಇದೆ ದಾಕ್ಷಾಯಿಣಿ. ಒಂದು, ಯಾವುದೋ ವೈರಸ್ಸು ಲಿವರಿನಲ್ಲಿ ಅಡಗಿ ಕೂತಿರಬಹುದು. ಇನ್ನೊಂದು, ನಿಮ್ಮ ಮೈಯಲ್ಲಿ ಉಳಿದಿರೋ ಕಾವಲು ಕಣಗಳೇ ಲಿವರನ್ನ ಹೊಡೀತಾ ಇರಬಹುದು."

"ನನ್ನ ಹತ್ರ ಕಾವಲೇ ಇಲ್ಲ ಅಂದಿದ್ರಿ ಸರ್."

"ಪ್ರತಿಕಾಯ ಮಾಡೋರು ಇಲ್ಲ. ದೊಣ್ಣೆ ಹಿಡಿದೋರು ಇದಾರೆ. ಕಣ್ಣು ಸರಿ ಕಾಣದ ಕಾವಲುಗಾರ ಕಳ್ಳನ್ನ ಬಿಟ್ಟು ಮನೆಯವರಿಗೇ ದೊಣ್ಣೆ ಎತ್ತುತಾನಲ್ಲ, ಹಾಗೆ."

"ಬೇಲೀನೇ ಎದ್ದು ಹೊಲ ಮೇಯ್ದಂಗೆ," ಎಂದಳು ದಾಕ್ಷಾಯಿಣಿ.

"ಸರಿಯಾಗಿ ಹೇಳಿದ್ರಿ. ಹಾಗಿದ್ರೆ ಕಾವಲನ್ನ ಅಡಗಿಸೋ ಔಷಧಿ ಕೊಡಬೇಕು. ಆದರೆ ಒಳಗೆ ಇರೋದು ವೈರಸ್ಸಾಗಿದ್ದು ನಾನು ಆ ಔಷಧಿ ಕೊಟ್ಟರೆ, ಇರೋ ನಾಲ್ಕು ಜನಾನೂ ಮಲಗಿಸಿ ಕಳ್ಳನಿಗೆ ಬಾಗಿಲು ತೆಗೆದ ಹಾಗಾಗುತ್ತೆ."

ಅತ್ತ ದರಿ, ಇತ್ತ ಪುಲಿ. ಬೇರೆಯವರಲ್ಲಾದರೆ ಈ ಸ್ವಂತದ ಹೊಡೆತ ರಕ್ತದಲ್ಲಿ ಗುರುತು ಬಿಟ್ಟಿರುತ್ತದೆ, ಯಕೃತ್ತಿನ ವಿರುದ್ಧವೇ ತಯಾರಾದ ಪ್ರತಿಕಾಯಗಳು ಸಿಗುತ್ತವೆ. ಪ್ರತಿಕಾಯ ಮಾಡುವ ಕಾರ್ಖಾನೆಯೇ ಇಲ್ಲದವಳ ರಕ್ತದಲ್ಲಿ ಯಾವ ಗುರುತು ಹುಡುಕುವುದು? ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಅದೂ ಇರಬಹುದು, ಇದೂ ಇರಬಹುದು ಎಂದು ಬರೆದು ಕೈತೊಳೆದುಕೊಂಡರು.

"ಮರಿಯನ್ನೇ ಕೇಳೋಣ," ಎಂದರು ಡಾಕ್ಟರ್.

ಮರಿಯ ವಿಷಯ ಇಲ್ಲಿ ಎರಡು ಮಾತು ಹೇಳಬೇಕು. ಈ ಕಥೆ ನಡೆಯುವ ಹೊತ್ತಿಗೆ ಅದು ಬಂದು ಐದು ವರ್ಷವಾಗಿತ್ತು. ರೋಗಿಯ ಯಕೃತ್ತಿನಿಂದ ಸಾಸಿವೆ ಕಾಳಿನಷ್ಟು ಚೂರು ತೆಗೆದು ಗಾಜಿನ ಬಟ್ಟಲಲ್ಲಿ ಸಾಕಿದರೆ ಹತ್ತು ದಿನದಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಯಕೃತ್ತು ಬೆಳೆಯುತ್ತದೆ. ದೊಡ್ಡದರ ಹಾಗೇ ಅದೂ ಪಿತ್ತ ಸುರಿಸುತ್ತದೆ, ಔಷಧಿ ಅರಗಿಸುತ್ತದೆ. ರೋಗಿಯ ರಕ್ತವನ್ನೇ ಅದರ ಸುತ್ತ ಹರಿಸಿದರೆ, ದೊಡ್ಡದಕ್ಕೆ ಆಗುವುದೆಲ್ಲ ಇದಕ್ಕೂ ಆಗುತ್ತದೆ. ಆದರೆ ಬಟ್ಟಲಲ್ಲಿ ಕಾಲ ಬೇಗ ಓಡುತ್ತದೆ. ಮೈಯೊಳಗೆ ಮೂರು ತಿಂಗಳಿಗೆ ಆಗುವುದು ಮರಿಯಲ್ಲಿ ಮೂರೇ ದಿನಕ್ಕೆ ಆಗಿ ಮುಗಿಯುತ್ತದೆ. ಕಾಗದಪತ್ರದಲ್ಲಿ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು. ನೆಲ ಒರೆಸುವ ಆಯಾ ಒಬ್ಬಳು ಬಗ್ಗಿ ನೋಡಿ "ಅಯ್ಯೋ, ಲಿವರಿನ ಮರಿ" ಎಂದಳಂತೆ, ಆ ಹೆಸರೇ ಉಳಿಯಿತು.

ಜನ ಎಂಥದ್ದಕ್ಕೂ ಹೊಂದಿಕೊಳ್ಳುತ್ತಾರೆ, ಮರಿಗೂ ಹೊಂದಿಕೊಂಡರು. ತನ್ನ ಮರಿ ಎಷ್ಟು ಪೆಗ್ಗು ತಡೆಯುತ್ತದೆ ಎಂದು ಗುಟ್ಟಾಗಿ ವಿಚಾರಿಸುವವರು ಬಂದರು. ಮದುವೆ ಮಾತುಕತೆಯಲ್ಲಿ ಜಾತಕದ ಜೊತೆ ಮರಿಯ ವರದಿ ಕೇಳುವವರು ಹುಟ್ಟಿಕೊಂಡರು. ಅಜ್ಜಿಯೊಬ್ಬರು, ಆ ಹಸುಗೂಸಿಗೆ ಯಾಕೆ ಕಹಿ ಔಷಧಿ, ಬೇಕಾದರೆ ನನಗೇ ಕೊಡಿ ಎಂದು ಪಟ್ಟು ಹಿಡಿದು ಕೂತಿದ್ದರು. ಇವರನ್ನೆಲ್ಲ ಸಂಭಾಳಿಸುತ್ತಿದ್ದವನು ಮರಿಕೋಣೆಯ ಫಯಾಜ್. ಒಬ್ಬೊಬ್ಬ ರೋಗಿಗೂ ಮೂರು ಮೂರು ಮರಿ ಸಾಕುವುದು ಅಲ್ಲಿಯ ನಿಯಮ. ಆರೋಗ್ಯವಾಗಿದ್ದರೆ ಅವು ಹುಣಸೆಬೀಜದ ಬಣ್ಣಕ್ಕಿರುತ್ತವೆ, ಏಟು ತಿಂದರೆ ಬಿಳಿಚಿಕೊಳ್ಳುತ್ತವೆ.

ದಾಕ್ಷಾಯಿಣಿಯ ಮರಿಗಳು ಬೆಳೆದು ನಿಂತ ದಿನವೇ ಅವಳ ಡ್ರಿಪ್ಪಿನ ಗುರುವಾರವೂ ಬಂತು. ಬೆಳಿಗ್ಗೆ ಫಯಾಜ್ ಫೋನ್ ಮಾಡಿದ.

"ಸಿಸ್ಟರ್, ರಕ್ತ ತೆಗೆದು ಒಂದು ಗಂಟೆ ಒಳಗೆ ನನ್ ಕೈಗೆ ಬರ್ಬೇಕು. ಆದ್ರೆ ಯಂತ್ರ ಖಾಲಿ ಆಗೋದೇ ಎರಡು ಗಂಟೆಗೆ."

ಮಂಗಳಾ ಸಿಸ್ಟರ್ ದಾಕ್ಷಾಯಿಣಿಯ ಕೈ ನೋಡಿದರು. ಪರೀಕ್ಷೆ ಪರೀಕ್ಷೆ ಎಂದು ಹದಿನೈದು ದಿನದಿಂದ ಚುಚ್ಚಿಸಿಕೊಂಡು ಎರಡೂ ತೋಳು ನೀಲಿಗಟ್ಟಿದ್ದವು.

"ಇನ್ನೊಂದ್ ಸಲ ಚುಚ್ಚಲ್ಲ ಬಿಡು," ಎಂದರು. "ಡ್ರಿಪ್ ಮುಗಿದ್ ಮೇಲೆ ಅದೇ ದಾರೀಲಿ ತೆಗೀತೀನಿ. ಟೈಮಿಗೂ ಸರಿ ಹೋಗುತ್ತೆ."

"ಅದಕ್ಕೇ ಸಿಸ್ಟರ್ ನೀವಂದ್ರೆ ನಂಗೆ ಇಷ್ಟ," ಎಂದು ದಾಕ್ಷಾಯಿಣಿ ಕಣ್ಣು ಮುಚ್ಚಿದಳು. ಆ ದಿನ ಬೀಗರ ಮಾತು ಕೂಡ ಅವಳ ಬಾಯಿಂದ ಬರಲಿಲ್ಲ.

ಬಾಟಲಿ ಖಾಲಿಯಾದ ಮೇಲೆ, ಎರಡೂ ಹತ್ತಕ್ಕೆ, ಸಿಸ್ಟರ್ ಕೊಳವೆಯನ್ನು ಶುದ್ಧ ಮಾಡಿ, ಮೊದಲ ಹನಿಗಳನ್ನು ಚೆಲ್ಲಿ, ನಿಯಮ ಒಂದಿಷ್ಟೂ ತಪ್ಪದಂತೆ ರಕ್ತ ತೆಗೆದು ತಾವೇ ಮರಿಕೋಣೆಗೆ ಒಯ್ದು ಕೊಟ್ಟರು.

ಸೋಮವಾರ ಫಲಿತಾಂಶ ಬಂತು. ಮೂರು ದಿನ ದಾಕ್ಷಾಯಿಣಿಯ ರಕ್ತದಲ್ಲಿ ಮುಳುಗಿದ್ದರೂ ಮರಿ ಹುಣಸೆಬೀಜದ ಹಾಗೆ ಮಿರಮಿರ ಮಿಂಚುತ್ತಿತ್ತು. ಯಾರೂ ಅದನ್ನು ಹೊಡೆದಿರಲಿಲ್ಲ. ಜೊತೆಗೆ ಅದೇ ರಕ್ತದಲ್ಲಿ ಕಾಮಾಲೆ ವೈರಸ್ಸಿನ ಪ್ರತಿಕಾಯ ಸಿಕ್ಕಿತ್ತು. ವೈರಸ್ಸು ಮಾತ್ರ ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ಅಡಗಿದೆ, ಅಷ್ಟೇ, ಎಂದುಕೊಂಡರು ಡಾಕ್ಟರ್. ಮರಿ ಈವರೆಗೆ ಸುಳ್ಳು ಹೇಳಿರಲಿಲ್ಲವಲ್ಲ. ಕಾವಲನ್ನು ಅಡಗಿಸುವ ಔಷಧಿ ಬೇಡ, ವೈರಸ್ಸಿನ ಔಷಧಿ ಕೊಡಿ ಎಂದು ತೀರ್ಮಾನವಾಯಿತು. ಎರಡನೆಯ ಮರಿಯ ಮೇಲೆ ಆ ಔಷಧಿಯನ್ನು ಹಾಕಿ ನೋಡಿ, ತೊಂದರೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಶುರು ಮಾಡಿದರು.

ಮೂರು ವಾರ ಕಳೆಯಿತು. ದಾಕ್ಷಾಯಿಣಿ ಇಳಿಯುತ್ತಲೇ ಹೋದಳು. ಕಣ್ಣು ಅರಿಸಿನವಾಯಿತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಇನ್ನು ಉಳಿದದ್ದು ಬೇರೆಯವರ ಯಕೃತ್ತನ್ನು ಕಸಿ ಮಾಡುವುದು. ಬೆಂಗಳೂರಿನ ತಂಡ ಮುಂದಿನ ಶುಕ್ರವಾರ ಕರೆತನ್ನಿ ಎಂದಿತು. ಸ್ವಂತ ಕಾವಲಿಲ್ಲದವಳು ಅಂಥ ಶಸ್ತ್ರಚಿಕಿತ್ಸೆಯನ್ನು ದಾಟಿ ಬರುವುದು ಕಷ್ಟ, ಅರ್ಧಕ್ಕರ್ಧ ಭರವಸೆಯನ್ನೂ ಕೊಡಲಾರೆ ಎಂದು ಶ್ರೀವತ್ಸ ಅವಳ ಗಂಡನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಭಾನುವಾರ ಮಧ್ಯಾಹ್ನ ಮಂಗಳಾ ಸಿಸ್ಟರ್ ಅವಳನ್ನು ನೋಡಲು ಮನೆಗೇ ಹೋದರು. ಬಾಗಿಲಲ್ಲಿ ಅತ್ತೆ ಶಿವನಂಜಮ್ಮನ ಪಹರೆ. ಸೊಸೆಗೆ ಸೋಂಕು ತಾಗಬಾರದೆಂದು ಹನ್ನೊಂದು ವರ್ಷದಿಂದ ಆಕೆ ನಡೆಸಿದ ಕಾನೂನು ಒಂದೇ: ಕೆಮ್ಮಿದವರಿಗೆ ಕಾಫಿಯೂ ಇಲ್ಲ, ಹೊಸಿಲೂ ಇಲ್ಲ. ಹೊರಗೆ ಬಕೆಟ್ಟು, ಸೋಪು, ಮೊಳೆಗೆ ನೇತುಹಾಕಿದ ಮಾಸ್ಕುಗಳು. ಸಿಸ್ಟರಿಗೂ ರಿಯಾಯಿತಿ ಇಲ್ಲ.

"ಕೈ ತೊಳ್ಕಂಡ್ ಬನ್ನಿ ತಾಯಿ. ಮೊಣಕೈ ಗಂಟ."

ಒಳಗೆ ಜಗಳ ನಡೆದಿತ್ತು. ಶಿವನಂಜಮ್ಮ ಕಾಮಾಲೆಗೆಂದು ನೆಲನೆಲ್ಲಿ ಕಿತ್ತು ತಂದು ಅರೆದಿಟ್ಟಿದ್ದಳು. ಮಗ ಮಹದೇವಸ್ವಾಮಿ, ಸ್ಕೂಟರ್ ರಿಪೇರಿಯವನು, ಅದನ್ನು ಬಚ್ಚಲಿಗೆ ಸುರಿದಿದ್ದ.

"ಡಾಕ್ಟರ್ ಬ್ಯಾಡ ಅಂದಿಲ್ವಾ ಅವ್ವ?"

"ನಿನ್ ಡಾಕ್ಟರ್ ಕೊಟ್ಟಿದ್ರಲ್ಲಿ ಏನ್ ಗುಣ ಆಗದೆ, ತೋರ್ಸು ನೋಡನ."

ತಾಯಿ ಮಗ ಸಿಸ್ಟರ್ ಎದುರಿಗೇ ದನಿ ಏರಿಸಿದರು. ಮಹದೇವಸ್ವಾಮಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ. ಸಿಸ್ಟರ್ ಸಂಕೋಚದಿಂದ ನೆಲ ನೋಡಿದರು.

"ನೀವ್ ಬೇಜಾರ್ ಮಾಡ್ಕಬ್ಯಾಡಿ," ಎಂದಳು ಶಿವನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ನೀವೇನ್ ಬೀಗರಾ, ನಿಮ್ ಮುಂದೆ ಮುಚ್ಚಿಡಕ್ಕೆ? ಬೀಗರು ಬಂದ್ರೆ ನೋಡ್ಬೇಕು ನಮ್ಮನೆ ಚೆಂದವ. ಇಬ್ರೂ ಬಾಯ್ ಮುಚ್ಕಂಡು ನಗ್ತಾ ಇರ್ತೀವಿ. ಅವ್ರು ಬಸ್ ಹತ್ತಿದ್ ಮ್ಯಾಲೆ ಮತ್ತೆ ಶುರು."

ದಾಕ್ಷಾಯಿಣಿ ಮಂಚದ ಮೇಲೆ ಒರಗಿದ್ದಳು. ಆ ಗಂಟಲು ಎಲ್ಲಿ ಹೋಯಿತೋ, ಮಾತು ಪಿಸುಗುಟ್ಟಿದ ಹಾಗೆ ಬರುತ್ತಿತ್ತು. ಸಿಸ್ಟರ್ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

"ಸಿಸ್ಟರ್, ಒಂದು ಕೇಳ್ಲಾ? ಈ ಕಾಮಾಲೆ ವೈರಸ್ಸಿನ ಲಸಿಕೆ ನೀವೇ ಹಾಕಿದ್ರಿ ನಂಗೆ. ಆರ್ ಸಲ."

"ಹೂಂ. ಆರಕ್ಕಾರೂ ಹತ್ತಲಿಲ್ಲ."

"ಆರ್ ಸಲ ಹೇಳ್ಕೊಟ್ರೂ ಕಲೀದೇ ಇರೋ ಮೈ, ಈಗ ತಾನಾಗೇ ಪ್ರತಿಕಾಯ ಮಾಡಿದೆ ಅಂತಾರಲ್ಲ. ಯಾವಾಗ ಕಲ್ತ್ಕೊಂತು ಅಂತ." ದಾಕ್ಷಾಯಿಣಿ ನಗಲು ನೋಡಿದಳು. "ನಮ್ ದಡ್ಡಿ ಪರೀಕ್ಷೇಲಿ ಪಾಸಾಗಿದಾಳೆ ಅಂದ್ರೆ, ಯಾರ್ದೋ ಕಾಪಿ ಹೊಡ್ದಿರ್ಬೇಕು."

ಸಿಸ್ಟರ್ ಅವಳ ತಲೆ ನೇವರಿಸಿ, ಹೆಚ್ಚು ಮಾತಾಡಬೇಡ ಎಂದು ಎದ್ದರು.

ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಮುಳ್ಳಿನ ಹಾಗೆ ಚುಚ್ಚತೊಡಗಿತು. ಯಾರದೋ ಕಾಪಿ. ಯಾರದು? ಅವಳ ರಕ್ತದಲ್ಲಿ ಬೇರೆ ಯಾರಿದ್ದಾರೆ? ಇದ್ದವರು ಬೀಗರು. ಸಾವಿರಾರು ಜನ, ಅವರಲ್ಲಿ ಎಷ್ಟೋ ಜನ ಕಾಮಾಲೆ ಲಸಿಕೆ ಹಾಕಿಸಿಕೊಂಡವರು, ಎಷ್ಟೋ ಜನ ಕಾಮಾಲೆಯನ್ನೇ ಗೆದ್ದವರು. ಅವರ ಪ್ರತಿಕಾಯವೇ ಅದು. ಅಷ್ಟರಲ್ಲಿ ಶಿವನಂಜಮ್ಮನ ಮಾತೂ ಬಂದು ಪಕ್ಕದಲ್ಲಿ ಕೂತಿತು. ಬೀಗರು ಬಂದಾಗ ಮನೆಯಲ್ಲಿ ಜಗಳವೇ ಇರುವುದಿಲ್ಲ. ಬೇರೆ ರೋಗಗಳಲ್ಲಿ ಮೈಯನ್ನೇ ಹೊಡೆಯುವ ಕಾವಲನ್ನು ತಣಿಸಲು ಇದೇ ಬಾಟಲಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಏರಿಸುವುದನ್ನು ಅವರು ಮೂವತ್ತು ವರ್ಷದಿಂದ ನೋಡಿದ್ದರು, ಎಷ್ಟೋ ಸಲ ತಾವೇ ಏರಿಸಿದ್ದರು. ಮರಿಯನ್ನು ಯಾರೂ ಹೊಡೆಯದೆ ಇದ್ದದ್ದು ಹಾಗಾದರೆ ಯಾಕೆ?

ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ದಿಕ್ಕಿನ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಭಾನುವಾರದ ಡ್ರಿಪ್ ಕೋಣೆ ಖಾಲಿಯಾಗಿತ್ತು. ರಿಜಿಸ್ಟರ್ ತೆಗೆದರೆ ಅವರದೇ ದುಂಡಗಿನ ಅಕ್ಷರ: ಬಾಟಲಿ ಹಾಕಿದ್ದು ಒಂಬತ್ತೂ ನಲವತ್ತು, ಮರಿಗೆ ರಕ್ತ ತೆಗೆದದ್ದು ಎರಡೂ ಹತ್ತು. ಮರಿಕೋಣೆಯ ಫಾರಂ ರಕ್ತ ತೆಗೆದ ಸಮಯವನ್ನಷ್ಟೇ ಕೇಳುತ್ತಿತ್ತು. ಅದಕ್ಕೆ ಮೊದಲು ಆ ನರದಲ್ಲಿ ಏನು ಹರಿಯಿತು ಎಂದು ಕೇಳುವ ಜಾಗ ಅದರಲ್ಲಿರಲಿಲ್ಲ. ಅದನ್ನು ಬರೆದವರ ತಲೆಯಲ್ಲಿ ದಾಕ್ಷಾಯಿಣಿಯಂಥವರು ಇರಲಿಲ್ಲ. ಆದರೆ ಮಂಗಳಾ ಸಿಸ್ಟರ್ ತಲೆಯಲ್ಲಿ ಇದ್ದಳಲ್ಲ. ಎರಡನೆಯ ಸಲ ಚುಚ್ಚಬಾರದು ಎಂದು ಪ್ರೀತಿಯಿಂದ ತೆಗೆದ ಆ ರಕ್ತದಿಂದಲೇ ಮೂರು ವಾರ ತಪ್ಪು ಔಷಧಿ ನಡೆಯಿತು.

ಅವರು ಆ ಖಾಲಿ ಕೋಣೆಯಲ್ಲಿ ಕೂತು ಅತ್ತರು. ಆಮೇಲೆ ಮುಖ ತೊಳೆದುಕೊಂಡು ಮನೆಗೆ ಹೋದರು.

ಗಂಡ ವೀರಭದ್ರಪ್ಪ, ನಿವೃತ್ತ ಡ್ರಾಯಿಂಗ್ ಮೇಷ್ಟರು, ಸಂಜೆಯ ಚಪಾತಿಗೆ ಹಿಟ್ಟು ಕಲಸುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು ಕೈಯ ಹಿಟ್ಟು ಉಜ್ಜಿ ತೆಗೆಯುತ್ತ ಕೇಳಿದರು.

"ನಾಳೆ ಹೇಳ್ತೀಯಲ್ಲ?"

"ಎಂಟ್ ತಿಂಗಳಿದೆ ರಿಟೈರ್ ಆಗಕ್ಕೆ. ಒಂದೇ ಚುಚ್ಚಿನ ಸಿಸ್ಟರ್ ಅಂತ ಹೆಸರು. ನಾನೇ ಆ ಹುಡುಗೀನ ಕೊಲ್ಲೋಕೆ ಹೊರಟಿದ್ದೆ ಅಂತ ಹೆಂಗೆ ಹೇಳ್ಲಿ?"

"ಗೆರೆ ತಪ್ಪಾದ್ರೆ ಅಳಿಸ್ಬೇಕು ಮಂಗಳಾ. ಕೈ ಅಡ್ಡ ಇಟ್ಟು ಮುಚ್ಚಿದ್ರೆ ಚಿತ್ರ ಸರಿ ಹೋಗಲ್ಲ," ಎಂದು ಮೇಷ್ಟರು ಮತ್ತೆ ಹಿಟ್ಟಿಗೆ ಕೈ ಹಾಕಿದರು.

ಸೋಮವಾರ ಬೆಳಿಗ್ಗೆ ಡಾಕ್ಟರ್ ಬಾಗಿಲು ತೆಗೆಯುವ ಮುಂಚೆಯೇ ಸಿಸ್ಟರ್ ಅಲ್ಲಿ ನಿಂತಿದ್ದರು. ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಸಮಯದ ಎರಡು ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ತಡವರಿಸದೆ ಹೇಳಿ ಮುಗಿಸಿದರು. ನಿಂತೇ ಇದ್ದರು. ಶ್ರೀವತ್ಸ ಎರಡೂ ಸಮಯಗಳನ್ನು ಮತ್ತೊಮ್ಮೆ ಓದಿದರು.

"ಆ ಬಾಟಲಿ ಅವರ ಮೈಯೊಳಗೆ ಹರಡಿ ತೆಳ್ಳಗಾಗುತ್ತೆ," ಎಂದರು ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ. "ನಾವು ಮರಿಯನ್ನ ಮೂರು ದಿನ, ಬಾಟಲಿ ಆಗ ತಾನೇ ಏರಿಸಿದ ಗಟ್ಟಿ ರಕ್ತದಲ್ಲೇ ಇಟ್ವಿ. ಹೊಡೆಯೋರೆಲ್ಲ ಸುಮ್ಮನಾಗಿರ್ತಾರೆ. ಪ್ರತಿಕಾಯಾನೂ ದಾನಿಗಳದ್ದೇ." ಕನ್ನಡಕ ತೆಗೆದರು. "ಸಿಸ್ಟರ್, ರಕ್ತ ಯಾವಾಗ ತೆಗೆದ್ರಿ ಅಂತ ನಾನು ಕೇಳಬೇಕಿತ್ತು. ಪ್ರತಿಕಾಯ ಸಿಕ್ಕಿತು ಅಂದಾಗ್ಲೇ ಕೇಳಬೇಕಿತ್ತು. ಮರಿ ಹೇಳಿದ್ದೇ ವೇದವಾಕ್ಯ ಅಂದ್ಕೊಂಡೆ."

"ಶಿಕ್ಷೆ ಏನಿದ್ರೂ ಆಮೇಲೆ ಕೊಡಿ ಸರ್. ಈಗ ಬೀಗರು ಹೋಗೋ ಹೊತ್ತು. ನಾಲ್ಕನೇ ವಾರ ಇದು. ಇವತ್ತು ತೆಗೆದ್ರೆ ಅವಳದ್ದೇ ರಕ್ತ ಸಿಗುತ್ತೆ."

"ಯಾರು ಹೋಗೋ ಹೊತ್ತು?"

ಸಿಸ್ಟರಿಗೆ ಆ ಸ್ಥಿತಿಯಲ್ಲೂ ನಗು ಬಂತು. ಬೀಗರು ಯಾರೆಂದು ವಿವರಿಸಿದರು.

ಹತ್ತು ಗಂಟೆಗೆ ದಾಕ್ಷಾಯಿಣಿಯ ಮನೆಯಲ್ಲೇ ರಕ್ತ ತೆಗೆದರು. ತೆಗೆಯುವ ಮೊದಲು ಅವಳಿಗೂ, ಮಹದೇವಸ್ವಾಮಿಗೂ, ಶಿವನಂಜಮ್ಮನಿಗೂ ನಡೆದದ್ದೆಲ್ಲ ಹೇಳಿದರು. ಮಹದೇವಸ್ವಾಮಿಯ ಮುಖ ಕೆಂಪಾಯಿತು, ದಿಂಬು ಸರಿಸಿ ಹೆಂಡತಿಯನ್ನು ಎತ್ತಿ ಕೂರಿಸಿದ. ದಾಕ್ಷಾಯಿಣಿ ತೋಳು ಚಾಚಿದಳು. ಅದರಲ್ಲಿ ಒಂದು ನರವೂ ಎದ್ದಿರಲಿಲ್ಲ. ಸಿಸ್ಟರಿನ ಮೊದಲ ಚುಚ್ಚು ತಪ್ಪಿತು.

"ಪರ್ವಾಗಿಲ್ಲ," ಎಂದಳು ದಾಕ್ಷಾಯಿಣಿ. "ಇನ್ನೊಂದ್ ಕೈ ಇದೆ."

ಉಳಿದದ್ದು ಒಂದೇ ಮರಿ, ಮೂರನೆಯದು. ಫಯಾಜ್ ಆ ರಕ್ತವನ್ನು ಅದರ ಸುತ್ತ ಹರಿಯಬಿಟ್ಟು ಯಂತ್ರದ ಬಾಗಿಲು ಹಾಕಿದ. ಸಂಜೆಯವರೆಗೆ ಮರಿ ಹುಣಸೆಬೀಜದ ಹಾಗೇ ಇತ್ತು. ಸಿಸ್ಟರ್ ಪಾಳಿ ಮುಗಿದರೂ ಗಾಜಿನ ಮುಂದೆ ಕೂತೇ ಇದ್ದರು. ಹೊಡೆಯಲಿ ಎಂದು ಬೇಡಿಕೊಳ್ಳುವುದು ಎಂಥ ವಿಚಿತ್ರ. ಮರಿಗೆ ಏಟು ಬಿದ್ದರೆ ದಾಕ್ಷಾಯಿಣಿಗೆ ದಾರಿ ಇದೆ. ಬೀಳದಿದ್ದರೆ ಶುಕ್ರವಾರ ಬೆಂಗಳೂರು.

ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಫಯಾಜ್ ಓಡಿಬಂದ.

"ಸಿಸ್ಟರ್, ಬನ್ನಿ. ಅಂಚು ನೋಡಿ."

ಮರಿಯ ಅಂಚು ಬಿಳಿಚಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಲು ಭಾಗ ಮಸುಕಾಯಿತು, ಪಿತ್ತದ ಹನಿ ನಿಂತಿತು. ಪರದೆಯ ಮೇಲೆ ದಾಕ್ಷಾಯಿಣಿಯ ಕಾವಲು ಕಣಗಳು ಇರುವೆಗಳ ಹಾಗೆ ಮುತ್ತಿ ಮರಿಯನ್ನು ಕೊರೆಯುವುದು ಕಾಣುತ್ತಿತ್ತು. ವೈರಸ್ಸಿನ ಪ್ರತಿಕಾಯ ಈ ಸಲ ಸಿಕ್ಕಿತೋ ಇಲ್ಲವೋ ಎನ್ನುವಷ್ಟು ಕ್ಷೀಣವಾಗಿತ್ತು. ಶ್ರೀವತ್ಸ ಬಂದು ನೋಡಿ, "ಬೇಲಿ," ಎಂದರು.

ಇನ್ನು ಔಷಧಿಯ ಪ್ರಮಾಣ. ಇದ್ದದ್ದು ಒಂದೇ ಮರಿ, ಅದೂ ಅರ್ಧ ಸತ್ತಿತ್ತು. ಹೆಚ್ಚು ಹಾಕಿದರೆ ಕಾವಲು ಕಣಗಳೆಲ್ಲ ಮಲಗಿಬಿಡುತ್ತವೆ, ಆಮೇಲೆ ದಾಕ್ಷಾಯಿಣಿಯನ್ನು ಸಣ್ಣ ನೆಗಡಿಯೂ ಕೊಂಡೊಯ್ಯಬಹುದು. ಕಡಿಮೆ ಹಾಕಿದರೆ ಮರಿಯೂ ಇಲ್ಲ, ಉತ್ತರವೂ ಇಲ್ಲ. ಫಯಾಜ್ ಹನಿ ಹನಿಯಾಗಿ ಏರಿಸುತ್ತ ಹೋದ. ಮೊದಲ ಪ್ರಮಾಣಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಮುತ್ತಿದವರ ಗುಂಪು ಸ್ವಲ್ಪ ಚದುರಿತು. ಮೂರನೆಯದಕ್ಕೆ, ಬುಧವಾರ ಹನ್ನೊಂದು ಗಂಟೆಗೆ, ಕೊರೆತ ನಿಂತಿತು. ಹಾಗೆಂದು ಕಣಗಳು ಮಲಗಲೂ ಇಲ್ಲ. ಪರೀಕ್ಷೆಗೆಂದು ಫಯಾಜ್ ಒಂದಿಷ್ಟು ಸತ್ತ ರೋಗಾಣು ಬಿಟ್ಟಾಗ ಎದ್ದು ಅದರ ಹಿಂದೆ ಓಡಿದವು.

"ದೊಣ್ಣೆ ಕಸ್ಕೊಂಡಿದೀವಿ, ಸೀಟಿ ಬಿಟ್ಟಿದೀವಿ," ಎಂದ ಫಯಾಜ್.

ಸಂಜೆ ಐದಕ್ಕೆ ಮರಿಯ ತುದಿಯಲ್ಲಿ ಪಿತ್ತದ ಒಂದು ಹನಿ ಕಾಣಿಸಿಕೊಂಡಿತು. ಹಸಿರು ಹಳದಿ, ಎಳ್ಳು ಕಾಳಿನಷ್ಟು. ಮಂಗಳಾ ಸಿಸ್ಟರಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಫಯಾಜನ ಬೆನ್ನು ತಟ್ಟಿ ಡಾಕ್ಟರಿಗೆ ಹೇಳಲು ಹೊರಟರು.

ಅದೇ ಸಂಜೆ ಆ ಮರಿ ಹೇಳಿದ ಪ್ರಮಾಣದಲ್ಲೇ ದಾಕ್ಷಾಯಿಣಿಗೆ ಔಷಧಿ ಶುರುವಾಯಿತು. ಗುರುವಾರ ಬೀಗರ ಬಾಟಲಿಯೂ ಹೋಯಿತು. ಶುಕ್ರವಾರ ಬೆಂಗಳೂರಿಗೆ ಹೋಗುವ ಆಂಬುಲೆನ್ಸನ್ನು ಶ್ರೀವತ್ಸ ಒಂದು ವಾರ ಮುಂದಕ್ಕೆ ಹಾಕಿದರು. ಆಂಬುಲೆನ್ಸ್ ಬರಬೇಕಿದ್ದ ಮುನ್ನಾದಿನ ಬೆಳಿಗ್ಗೆ ಮಂಗಳಾ ಸಿಸ್ಟರ್ ಫೋನು ರಿಂಗಾಯಿತು. ಶಿವನಂಜಮ್ಮ.

"ಸಿಸ್ಟ್ರಮ್ಮಾ, ಕಣ್ಣು ಬೆಳ್ಳಗಾಗದೆ."

"ರಿಪೋರ್ಟ್ ಬರೋದು ಮಧ್ಯಾಹ್ನ ಅಮ್ಮ. ನೋಡಿ ಹೇಳ್ತೀನಿ."

"ರಿಪೋರ್ಟ್ ಕಟ್ಕಂಡ್ ನಂಗೇನು? ಬಿಸಿಲಲ್ಲಿ ಕೂರ್ಸಿ ನೋಡೀನಿ ತಾಯಿ. ಎರಡು ಕಣ್ಣೂ. ರೊಟ್ಟಿ ಕೇಳದೆ ಕಣವ್ವಾ ಮಗು. ಎರಡು ತಿಂಗಳಾಗಿತ್ತು ಅವ್ಳು ಬಾಯ್ ಬಿಟ್ಟು ಏನಾದ್ರೂ ಕೇಳಿ."

ಆಕೆ ಫೋನಿನಲ್ಲೇ ಅತ್ತಳು. ಇತ್ತ ಸಿಸ್ಟರ್ ಕೂಡ ಅತ್ತರು. ಮಧ್ಯಾಹ್ನ ಬಂದ ವರದಿ ಶಿವನಂಜಮ್ಮ ಹೇಳಿದ್ದನ್ನೇ ಅಂಕಿಗಳಲ್ಲಿ ಹೇಳಿತು. ಕಸಿಯ ಮಾತು ಬಿಟ್ಟುಹೋಯಿತು.

ಶಿಕ್ಷೆಯ ವಿಷಯ ಕೇಳಿದರೆ, ವಿಚಾರಣೆ ನಡೆಯಿತು, ಮಂಗಳಾ ಸಿಸ್ಟರಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅದನ್ನವರು ಮಡಿಸಿ ರಿಜಿಸ್ಟರಿನ ಆ ಪುಟದಲ್ಲೇ ಇಟ್ಟರು. ಮರಿಕೋಣೆಯ ಫಾರಂ ಬದಲಾಯಿತು. 'ಇದು ಯಾರ ರಕ್ತ?' ಎಂಬ ಹೊಸ ಸಾಲು ಸೇರಿತು, ಅದರ ಕೆಳಗೆ ಕಳೆದ ನಾಲ್ಕು ವಾರದಲ್ಲಿ ಏರಿಸಿದ್ದನ್ನೆಲ್ಲ ಬರೆಯುವ ಜಾಗ. ಬೇರೆ ಊರುಗಳಲ್ಲಿ ಹೀಗೇ ಮರಿಯ ಮಾತು ನಂಬಿ ತಪ್ಪು ಔಷಧಿಯ ಮೇಲಿದ್ದ ಇಬ್ಬರನ್ನು ಶ್ರೀವತ್ಸ ಪತ್ರ ಬರೆದು ಹುಡುಕಿಸಿದರು. ಇಬ್ಬರ ಕಣ್ಣೂ ಈಗ ಬೆಳ್ಳಗಿವೆ.

ನಾಲ್ಕು ತಿಂಗಳ ನಂತರದ ಒಂದು ಗುರುವಾರ. ದಾಕ್ಷಾಯಿಣಿ ಖಾಕಿ ತೊಟ್ಟೇ ಬಂದಳು, ಮಧ್ಯಾಹ್ನ ಡ್ಯೂಟಿ ಇತ್ತು. ಲಿಫ್ಟಿನಲ್ಲಿ "ಒಳಗ್ ಹೋಗಿ, ಒಳಗ್ ಹೋಗಿ" ಎನ್ನುವ ದನಿ ಮೊದಲು ಬಂತು, ಆಮೇಲೆ ಅವಳು. ತೋಳುಗಳಲ್ಲಿ ಮತ್ತೆ ನರ ಎದ್ದಿತ್ತು. ಹೊಸದಾಗಿ ಸೇರಿದ ನರ್ಸ್ ಹುಡುಗಿಯೊಬ್ಬಳು ಟ್ರೇ ಹಿಡಿದು ನಿಂತಿದ್ದಳು. ಅದರಲ್ಲಿ ಎರಡು ಸೂಜಿ ಇದ್ದದ್ದು ನೋಡಿ, "ಸಿಸ್ಟರ್, ನೀವು ಒಂದೇ ಚುಚ್ಚು ಅಂತಾರಲ್ಲ ಎಲ್ರೂ?" ಎಂದಳು.

"ಅಂತಿದ್ರು," ಎಂದರು ಮಂಗಳಾ ಸಿಸ್ಟರ್.

ಬಾಟಲಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಸಿಸ್ಟರ್ ಮೊದಲು ಎಡತೋಳಿಗೆ ಪಟ್ಟಿ ಬಿಗಿದು, ಚುಚ್ಚಿ, ಪರೀಕ್ಷೆಯ ರಕ್ತ ತೆಗೆದರು. ಸೀಸೆಯ ಮೇಲೆ ಹೆಸರು ಬರೆದು ಪಕ್ಕಕ್ಕಿಟ್ಟರು. ಆಮೇಲೆ ಬಾಟಲಿ ಹೊರತೆಗೆದು ತೂಗುಹಾಕಿ, ಎರಡನೆಯ ಸೂಜಿ ಎತ್ತಿಕೊಂಡು, ಒಂದು ಕ್ಷಣ ತಡೆದರು. ಅವರಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

ದಾಕ್ಷಾಯಿಣಿ ತಾನೇ ಬಲತೋಳು ಮುಂದೆ ಚಾಚಿದಳು.

"ಚುಚ್ಚಿ ಸಿಸ್ಟರ್. ಆಗ್ಲೇ ತೆಗೆದಿದ್ದು ನನ್ದು. ಈಗ ಬೀಗರನ್ನ ಕರೀರಿ."